ಹಾರದ ಸೇಸಪ್ಪನ ಐದು ವರ್ಷ

ಗಲ್ಫಿನ ಖತೀಫಿನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದ ಭಟ್ಕಳದ ಅಬ್ದುಲ್ ಹಕೀಮರಿಗೆ ಅಂಗಡಿಗಿಂತ ತಮ್ಮ ವಾಲಿಬಾಲ್ ಟೀಮಿನ ಚಿಂತೆ ಹೆಚ್ಚು. ತೊಂಬತ್ತಾರರ ಚಳಿಗಾಲದಲ್ಲಿ ಆ ಚಿಂತೆಯ ಹೆಸರು ಸೇಸಪ್ಪ. ಕಾಗದದಲ್ಲಿ ಅವನದು ಮೊಳೆ ತೂಗುವ ಕೆಲಸ, ಶುಕ್ರವಾರಗಳಂದು ಸ್ಮ್ಯಾಶ್ ಹೊಡೆಯುವ ಕೆಲಸ. ಹಿಂದೊಮ್ಮೆ ಅವನು ನೆಟ್ಟಿನ ಮೇಲೆ ಹಾರಿದಾಗ ಎದುರು ಟೀಮಿನವರು ಹೋಗಿ ನೀರು ಕುಡಿದು, ಬಾಯಿ ಒರೆಸಿಕೊಂಡು, ಮರಳಿ ಬಂದು ನಿಂತರೂ ಅವನು ಇನ್ನೂ ಇಳಿದಿರಲಿಲ್ಲ. ನೋಡಿದವರು ಈಗಲೂ ಇದ್ದಾರೆ.

ಆ ಚಳಿಗಾಲಕ್ಕೆ ಸೇಸಪ್ಪನಿಗೆ ನಲವತ್ತಾರು. ಕರಾರು ಮುಗಿಯುತ್ತಿತ್ತು. ಹಕೀಮರು ಅವನೊಬ್ಬನಿಗೇ ಇಬ್ಬರ ಸಂಬಳ ಕೊಟ್ಟು ಐದು ವರ್ಷಕ್ಕೆ ಬರೆಸಲು ಹೊರಟಿದ್ದರು. ಸಹಿ ಬೀಳದಿದ್ದರೆ ಸೇಸಪ್ಪ ಮುಂದಿನ ವಾರ ಊರಿಗೆ.

“ಐದು ವರ್ಷ ಎಂತಕ್ಕೆ ಮಾಮು?” ಗುರುವಾರ ಅಂಗಡಿಯಲ್ಲಿ ಅವರ ಸೋದರಳಿಯ ಅರ್ಕಮ್ ಕೇಳಿದ. “ಐವತ್ತೊಂದಕ್ಕೆ ಇವ್ರು ಸ್ಮ್ಯಾಶ್ ಹೊಡೀತಾರಾ, ನಾವು ಇವ್ರ ಮೊಣಕಾಲಿಗೆ ಎಣ್ಣೆ ಹಚ್ಚುದಾ? ಅದೇ ದುಡ್ಡಲ್ಲಿ ಮುಲ್ಕಿಯಿಂದ ಇಪ್ಪತ್ತರ ಇಬ್ಬರನ್ನ ತರಬಹುದು.”

ಮೊಳೆ ತೂಗುತ್ತಿದ್ದ ಸೇಸಪ್ಪ ತಲೆ ಎತ್ತಲಿಲ್ಲ. “ಅರ್ಕಮ್ ಭಾಯಿ ಹೇಳುದು ಸರಿ ಸಾಹೇಬ್ರೆ. ನಾನು ಹಾರದೆ ಎರಡು ವರ್ಷ ಆಯ್ತು.”

“ಹೋದ ವರ್ಷ ಕಪ್ ಗೆದ್ದದ್ದು?” ಹಕೀಮರು ಕೇಳಿದರು.

“ನೆಲದಲ್ಲೇ ನಿಂತು ಹೊಡೆದದ್ದು. ಎಲ್ರೂ ನನ್ನ ಕೈ ನೋಡ್ತಾರೆ ಮಾರಾಯ್ರೆ, ಕಾಲು ಯಾರೂ ನೋಡುದಿಲ್ಲ. ಅದನ್ನ ಮುಚ್ಚಿಟ್ಟು ಐದು ವರ್ಷ ಬರೆಸಿಕೊಳ್ಳಲಿಕ್ಕೆ ಮನಸ್ಸು ಬರುದಿಲ್ಲ.”

ಹಕೀಮರು ಕರಾರಿನ ಕಾಗದ ಮಡಚಿ ಅರ್ಕಮನ ಕೈಗೆ ಕೊಟ್ಟರು. “ನಾಳೆ ನಾನು ಕಾಲನ್ನೇ ನೋಡ್ತೇನೆ. ಸಹಿ ಆಮೇಲೆ.”

ಶುಕ್ರವಾರ ಇಳಿಹೊತ್ತಿನ ಅಸರ್ ನಮಾಜು ಮುಗಿದ ಮೇಲೆ, ಖರ್ಜೂರದ ತೋಟದ ಪಕ್ಕದ ಮರಳಿನಲ್ಲಿ ಪಕ್ಕದೂರು ದಮ್ಮಾಮಿನ ಟೀಮಿನೊಡನೆ ಆಟ. ಹಕೀಮರು ಗೆರೆಗೆ ಅಂಟಿಕೊಂಡು ನಿಂತರು. ಕೊನೆಯ ಪಾಯಿಂಟಿಗೆ ಚೆಂಡು ಮೇಲೆದ್ದಿತು. ಸೇಸಪ್ಪ ಮೂರು ಹೆಜ್ಜೆ ಓಡಿ ಬಂದು ಕೈ ಎತ್ತಿದ. ಪಾದಗಳೆರಡೂ ಮರಳಿನಲ್ಲಿ ಹೂತೇ ಇದ್ದವು.

ಆ ಕೈ ಎದ್ದದ್ದೇ ತಡ, ನೆಟ್ಟಿನ ಮುಂದಿದ್ದ ಎದುರು ಟೀಮಿನ ಮೂವರು ಹಾರಿದರು. ಹಿಂದಿನ ಮೂವರೂ ಹಾರಿದರು, ಅವರಿಗೆ ಅಲ್ಲಿ ಏನೂ ಕೆಲಸವಿರಲಿಲ್ಲ. ರೆಫ್ರಿ ತನ್ನ ಎತ್ತರದ ಕುರ್ಚಿಯಿಂದಲೂ ಒಂದು ಗೇಣು ಮೇಲಿದ್ದ. ಖರ್ಜೂರದ ಗರಿಗಳ ಸದ್ದು ನಿಂತಿತು. ಎಲ್ಲರೂ ಇಳಿಯುವ ತನಕ ಸೇಸಪ್ಪ ಕಾದ, ಚೆಂಡೂ ಕಾದಿತು. ಆಮೇಲೆ ಮಗುವಿನ ತಲೆ ಸವರಿದ ಹಾಗೆ ಅದನ್ನು ಎರಡು ಬೆರಳಲ್ಲಿ ಆಚೆಗೆ ದಾಟಿಸಿದ. ಅದು ಮರಳಿಗೆ ಬಿದ್ದ ಸದ್ದು ಮೈದಾನದ ಪ್ರತಿಯೊಬ್ಬರಿಗೂ ಕೇಳಿಸಿತು.



“ಕಾಲು ಎದ್ದಿತಾ ಮಾಮು?” ಅರ್ಕಮ್ ಕೇಳಿದ.

“ಒಂದು ಕೂದಲೆಳೆಯಷ್ಟೂ ಇಲ್ಲ.”

“ಮತ್ತೆ? ಇವತ್ತಲ್ಲ ನಾಳೆ ಒಬ್ಬನಿಗೆ ಗುಟ್ಟು ಗೊತ್ತಾದ್ರೆ ಮುಗೀತಲ್ಲ.”

ಹಕೀಮರು ಕೆಳಗೆ ನೋಡಿದರು. ಅವರ ಒಂದು ಚಪ್ಪಲಿ ಗೆರೆಯ ಹತ್ತಿರ ಇತ್ತು, ಇನ್ನೊಂದು ಎರಡು ಮಾರು ಆಚೆ. ಬರಿಗಾಲುಗಳೆರಡೂ ಮರಳಿನ ಮೇಲಿದ್ದವು.

“ಗುಟ್ಟು ಗೊತ್ತಿದ್ದವ ನಾನೇ ಅಲ್ವಾ,” ಎಂದರು ಮೆಲ್ಲಗೆ. “ಗೊತ್ತಿದ್ದೂ ಹಾರಿದೆ. ಕಾಗದ ತಾ.”