ಪೆಟ್ಟಿಗೆಯೊಳಗಿನ ಸರದಾರ

ಹಲಗೆಗೆ ಉಗುರು ತಾಗಿದ ಸಪ್ಪಳ, ಒಂದೇ ಸಲ, ಬೇರೆ ಯಾರಿಗೂ ಕೇಳಿಸಿರಲಿಕ್ಕಿಲ್ಲ, ಅಯ್ಯನವರ ಮಂತ್ರದ ದನಿ ದೊಡ್ಡದು, ಗಂಡ ಶಿವಯೋಗೆಪ್ಪ ಬಾರಿಸುವ ಗಂಟೆ ಅದಕ್ಕಿಂತ ದೊಡ್ಡದು, ಆದರೆ ರುದ್ರವ್ವನ ಕಿವಿ ತಿಂಗಳಿಂದ ಆ ಪೆಟ್ಟಿಗೆಗೇ ಅಂಟಿಕೊಂಡಿದೆ — ಮಲಗು ಸರದಾರಾ, ಮಲಗು ನನ್ನಪ್ಪಾ, ಇನ್ನೊಂದೀಟು ತಡಿ — ಅವಳ ಕೈಯಲ್ಲಿ ಗಿಂಡಿ, ಗಿಂಡಿಯ ಸಣ್ಣ ಧಾರೆ ಅಯ್ಯನವರ ಪಾದದ ಮೇಲೆ, ಶ್ರಾವಣ ಸೋಮವಾರದ ಪಾದಪೂಜೆ, ಧಾರೆ ಕಡಿಯಬಾರದು, ಕೈ ನಡುಗಬಾರದು, ಕಣ್ಣು ಮಾತ್ರ ಕದ್ದು ಪಡಸಾಲೆಯ ಮೂಲೆಗೆ ಓಡುತ್ತದೆ. ಎದುರಿಗೆ ಅತ್ತೆ ಕಾಶಿಬಾಯಿ, ಕೈ ಮುಗಿದಿದ್ದಾಳೆ, ಅವಳ ಕಣ್ಣೂ ಪಾದದ ಮೇಲಿಲ್ಲ, ಅದೇ ಮೂಲೆಯಲ್ಲಿದೆ. ನಿನ್ನೆಯೇ ಹೇಳಿಬಿಟ್ಟಿದ್ದಾಳೆ, ನಾಳಿ ಪೂಜ್ಯಾಗ ಆ ನಾಯೀದು ಒಂದ ಹನಿ ನೆಲಕ್ಕ ಬಿತ್ತಂದ್ರ ನಿಮ್ಮ ಸರದಾರ ಕಾಸಿಮಸಾಬನ ಬಂಡಿ ಹತ್ತತಾನ ನೋಡ ರುದ್ರವ್ವಾ, ಬಂಡಿ ಕನಮಡಿಗೆ ಹೊಂಟೈತಿ, ಹಾದ್ಯಾಗ ನಿಮ್ಮಪ್ಪನ ಹೊಲದಾಗ ಇಳಿಸಿ ಹೋಗತಾನ, ಮುಗೀತು ಮಾತ. ಅಪ್ಪನ ಹೊಲ! ಘೋಣಸಗಿಯ ಆ ಹೊಲದಲ್ಲಿ ಈಗ ಅಪ್ಪ ಇಲ್ಲ, ಪಾಲಿಗೆ ಹಿಡಿದವರು ಇದ್ದಾರೆ, ಅವರ ಮೂರು ನಾಯಿ ಇವೆ. ಕಾರಹುಣ್ಣಿಮೆಯ ಹಿಂದೆಮುಂದೆ ಅಪ್ಪ ಬಸಗೊಂಡಪ್ಪನನ್ನು ಅಲ್ಲಿಯೇ ಮಣ್ಣು ಮಾಡಿ ಎಲ್ಲರೂ ತಿರುಗಿ ಬಂದ ಮೇಲೆ ಸರದಾರ ಸಮಾಧಿಯ ಪಕ್ಕದಲ್ಲಿ ಒಂಬತ್ತು ದಿನ ಬಿದ್ದುಕೊಂಡಿದ್ದ, ಆ ಮೂರೂ ಸೇರಿ ಅವನ ಕುತ್ತಿಗೆ ಹರಿದಿದ್ದವು, ನೊಣ ಮುತ್ತಿದ್ದವು, ಯಾರು ಹಾಕಿದರೂ ತಿನ್ನಲಿಲ್ಲ, ರುದ್ರವ್ವ ಹೋಗಿ ಹಾಲಿನಲ್ಲಿ ನೆನೆಸಿದ ರೊಟ್ಟಿ ಹಿಡಿದಾಗ ಕೈ ಮೂಸಿ, ಮುಖ ನೋಡಿ, ತಿಂದಿದ್ದ. ಮತ್ತೆ ಅಲ್ಲಿ ಇಳಿಸಿದರೆ ಒಂದು ವಾರ, ಹೆಚ್ಚೆಂದರೆ ಹತ್ತು ದಿನ.

ಮಲಗಿದ, ಸಪ್ಪಳವಿಲ್ಲ. ಹಲಗೆಗಳ ಸಂದಿಯಲ್ಲಿ ಅಪ್ಪನ ಕಂಬಳಿಯ ಕರಿ ಅಂಚು ಕಾಣುತ್ತದೆ. ಸೊಲ್ಲಾಪುರದಿಂದ ಕಂದೀಲಿನ ಗಾಜು ತುಂಬಿಕೊಂಡು ಬಂದಿದ್ದ ಪೆಟ್ಟಿಗೆ ಅದು, ವಿಜಾಪುರದ ಓಣಿಗೂ ಬಲ್ಬು ಬಂದ ಮೇಲೆ ಮಲಂಗಸಾಬನ ಅಂಗಡಿಯ ಹಿಂದೆ ಖಾಲಿ ಬಿದ್ದಿತ್ತು, ಅವನೇ ಕೀಲು ಬಡಿದು ಬಾಗಿಲು ಮಾಡಿಕೊಟ್ಟ. ಯಕ್ಕಾ, ಒಬ್ಬ ಇಂಗ್ಲಿಷ ಸಾಹೇಬನ ಬಂಗಲೆದಾಗ ಎಂಟ ವರ್ಷ ನಾಯಿ ನೋಡಿಕೊಂಡಾಂವ ನಾ, ತಾ ಮಲಗೂ ಜಾಗಾ ನಾಯಿ ಹೊಲಸ ಮಾಡೂದಿಲ್ಲ, ಖರೇ ಹೇಳತೇನಿ, ಆದ್ರ ಒಮ್ಮಿಗೇ ಬಾಗಲಾ ಹಾಕಬ್ಯಾಡ, ಮೊದಲ ಒಳಗ ರೊಟ್ಟಿ ಇಡು, ಮುದುಕ ನಾಯಿ ಅಂದ್ರ ಮುದುಕ ಗಂಡಸ ಇದ್ದಂಗ, ಅವಸರಾ ಮಾಡಿದ್ರ ಹಟಾ ಹಿಡೀತಾವ — ಎಂದು ನಕ್ಕಿದ್ದ, ಅವಳಿಗೂ ಎಷ್ಟೋ ದಿನದ ಮೇಲೆ ನಗೆ ಬಂದಿತ್ತು. ಹನ್ನೊಂದು ವರ್ಷ ಸೂರು ಕಾಣದ ನಾಯಿ. ಮೂರು ದಿನ ಬಾಗಿಲು ತೆರೆದೇ ಇಟ್ಟಳು. ನಾಲ್ಕನೆಯ ದಿನ ಒಂದು ವಚನ ಹೇಳುವಷ್ಟು ಹೊತ್ತು ಮುಚ್ಚಿದಳು, ಆಮೇಲೆ ಐದು, ಆಮೇಲೆ ಒಂದು ಸೇರು ಜೋಳ ಬೀಸಿ ಮುಗಿಯುವಷ್ಟು. ಮನೆಯಲ್ಲಿ ಗಡಿಯಾರವಿತ್ತು, ಆದರೆ ಅವನಿಗೆ ಗೊತ್ತಿದ್ದದ್ದು ಅಪ್ಪನ ಲೆಕ್ಕ — ದಿನಾ ಸಂಜೆ ಹೊಲದ ಗುಡಿಸಲ ಮುಂದೆ ಅಪ್ಪ ಕಣ್ಣು ಮುಚ್ಚಿ ವಚನ ಹೇಳುತ್ತಿದ್ದ, ಸರದಾರ ಮುಂಗಾಲ ಮೇಲೆ ಗದ್ದವಿಟ್ಟು ಕೇಳುತ್ತಿದ್ದ, ಕಡೆಗೆ ಮಂಗಳ, ಮಂಗಳ ಮುಗಿಯಿತೋ ಮೈ ಝಾಡಿಸಿ ಎದ್ದು ಹೊರಟ. ಅವಳೂ ಹಾಗೆಯೇ ಮಾಡಿದಳು, ಮಂಗಳ ಹೇಳಿ, ಬಾಗಿಲು ತೆಗೆದು, ಹಿತ್ತಿಲ ಬೇವಿನ ಬುಡಕ್ಕೆ ಕರೆದೊಯ್ದಳು. ಪೆಟ್ಟಿಗೆಯಲ್ಲಿ ಒಂದು ದಿನವೂ ಒದ್ದೆಯಾಗಲಿಲ್ಲ. ಆದರೆ ಮನೆಯಲ್ಲಿ ಬಿಟ್ಟರೆ ಪಡಸಾಲೆಯ ಕಂಬ, ಯಾವಾಗಲೂ ಅದೇ ಕಂಬ, ಅದೇ ಎತ್ತಿದ ಹಿಂಗಾಲು. ನೋಡ ಬೇ ನಿನ್ನ ತವರಮನಿ ಬಳುವಳಿ, ಎಂದು ಅತ್ತೆ ಒದರುತ್ತಿದ್ದಳು, ರುದ್ರವ್ವ ಓಡಿಬಂದು ತಿಕ್ಕಿ ತೊಳೆದು, ಸಗಣಿ ಸಾರಿಸಿ, ಶುದ್ಧವಾಗಲಿ ಎಂದು ಆಕಳ ಗಂಜಳವನ್ನು ಮೂರು ಸಲ ಚಿಮುಕಿಸುತ್ತಿದ್ದಳು, ನಾಲ್ಕು ದಿನ ಬಿಟ್ಟು ಮತ್ತೆ ಅಲ್ಲೇ, ಪೆಟ್ಟಿಗೆಯಲ್ಲಿ ಇಷ್ಟು ಶಾಣ್ಯಾ ಇರುವವನು ಕಂಬದ ಹತ್ತಿರ ಹೀಗೇಕೆ, ಸೇಡೇ, ಮುಪ್ಪೇ, ನನ್ನದೇ ಏನಾದರೂ ತಪ್ಪೇ —

ಅಯ್ಯನವರು ಮಂಗಳ ಎತ್ತಿದರು. ಪೆಟ್ಟಿಗೆಯಲ್ಲಿ ಕಂಬಳಿ ಸರಿಯಿತು, ಅವನು ಎದ್ದು ನಿಂತ, ನಿಲ್ಲದೆ ಇರುತ್ತಾನೆಯೇ, ಮಂಗಳ ಎಂದರೆ ಬಾಗಿಲು ತೆರೆಯುತ್ತದೆ ಎಂದು ಅವಳೇ ಕಲಿಸಿದ್ದಾಳೆ. ಇಲ್ಲಿ ಮಂಗಳ ಮುಗಿದ ಮೇಲೆ ತೀರ್ಥವಿದೆ, ಒಬ್ಬೊಬ್ಬರಾಗಿ, ತೀರ್ಥ ಆಗುವ ಮೊದಲು ಎದ್ದವರು ಈ ಮನೆಯಲ್ಲಿ ಯಾರೂ ಇಲ್ಲ. ಉಗುರು, ಎರಡು ಸಲ, ಮೂರು ಸಲ, ಆಮೇಲೆ ಒಂದು ಸಣ್ಣ ಕುಂಯ್. ಅತ್ತೆಯ ತುಟಿ ಬಿಗಿಯಿತು. ರುದ್ರವ್ವ ಉಸಿರು ಎಳೆದುಕೊಂಡಳು, ಮೂಗಿನ ತುಂಬ ಸಗಣಿಯ ವಾಸನೆ, ಗಂಜಳದ ವಾಸನೆ, ಅಯ್ಯನವರು ಬರುತ್ತಾರೆಂದು ಅತ್ತೆ ನಸುಕಿನಲ್ಲೇ ಎದ್ದು ಇಡೀ ಪಡಸಾಲೆಯನ್ನು ತನ್ನ ಕೈಯಾರೆ ಸಾರಿಸಿದ್ದಾಳೆ, ಮೂಲೆಮೂಲೆಗೂ ಚಿಮುಕಿಸಿದ್ದಾಳೆ — ಈ ವಾಸನೆ, ಎಲ್ಲಿಯದು ಇದು, ಘೋಣಸಗಿ, ಅಪ್ಪನ ದನದ ಕೊಟ್ಟಿಗೆ, ಮಂಗಳ ಮುಗಿಸಿ ಎದ್ದ ಸರದಾರ ನೇರ ಅಲ್ಲಿಗೇ ಹೋಗುತ್ತಿದ್ದ, ಎತ್ತು ಕಟ್ಟುವ ಗೂಟಕ್ಕೆ ಹಿಂಗಾಲು ಎತ್ತುತ್ತಿದ್ದ, ಅಪ್ಪ ನಗುತ್ತಿದ್ದ, ನೋಡವ್ವಾ ರುದ್ರಿ, ನಮ್ಮ ಸರದಾರನ ಆರತಿ ಆತು. ಗೂಟ. ಕಂಬ. ಶಿವನೇ! ಪ್ರತಿ ಸಲ ಸಾರಿಸಿ, ಚಿಮುಕಿಸಿ, ಇದೇ ನಿನ್ನ ಜಾಗ, ಇಲ್ಲೇ ಮಾಡು ಎಂದು ನಾನೇ ತೋರಿಸಿಕೊಟ್ಟೆನಲ್ಲ, ಅವನೇನು ಮಾಡಿಯಾನು. ಈಗ ಇಡೀ ಪಡಸಾಲೆಯೇ ಕೊಟ್ಟಿಗೆ. ಪೆಟ್ಟಿಗೆಯಿಂದ ಹಿತ್ತಿಲ ಬಾಗಿಲಿಗೆ ಹನ್ನೆರಡು ಹೆಜ್ಜೆ, ಏಳನೆಯದಕ್ಕೆ ಕಂಬ, ನಡೆಸಿಕೊಂಡು ಹೋದರೆ ಅಯ್ಯನವರ ಕಣ್ಣೆದುರಿಗೇ ಕಾಲು ಎತ್ತುತ್ತಾನೆ, ಹೋಗದಿದ್ದರೆ, ಮುದುಕ ಅವನು, ಎಷ್ಟು ಹೊತ್ತು ತಡೆದಾನು, ಮಲಗುವ ಜಾಗ ಹೊಲಸು ಮಾಡಿದೆನೆಂದು ಮುಖ ಎತ್ತದೆ ಬಂಡಿ ಹತ್ತುತ್ತಾನೆ —

ಗಿಂಡಿ ಕೆಳಗಿಟ್ಟಳು. ರುದ್ರವ್ವಾ, ತೀರ್ಥ! ಅತ್ತೆಯ ದನಿ. ಶಿವಯೋಗೆಪ್ಪನ ಗಂಟೆ ನಿಂತಿತು, ಲೇ, ಕುಂಡ್ರ, ಎಂದ, ಅಷ್ಟರಲ್ಲಿ ಅವಳು ಚಿಲಕ ತೆಗೆದಿದ್ದಳು, ಅಪ್ಪನ ಕಂಬಳಿಯನ್ನು ಅವನ ತಲೆಗೆ, ಮೂಗಿಗೆ ಸುತ್ತಿ, ನೆಲದ ವಾಸನೆ ಬೇಡ, ಅಪ್ಪನ ವಾಸನೆಯೊಂದೇ ಇರಲಿ, ಎರಡೂ ತೋಳು ಹಾಕಿ ಎತ್ತಿದಳು, ಇಷ್ಟು ಹಗುರವಾಗಿದ್ದಾನೆಯೇ, ಪೂಜೆಯ ರೇಷ್ಮೆ ಸೀರೆಗೆ ಕೂದಲು, ಮಡಿ ಹೋಯಿತು, ಹೋಗಲಿ, ಒಂದು, ಎರಡು, ಅಯ್ಯನವರ ಮಂಗಳ ಕಡಿಯಲಿಲ್ಲ, ಅವರು ಕಣ್ಣು ತೆರೆದರೋ ಇಲ್ಲವೋ ನೋಡಲಿಲ್ಲ, ಐದು, ಆರು, ಅವನ ಎದೆ ಅವಳ ತೋಳಿನ ಮೇಲೆ ಢವಢವ, ಏಳು, ಕಂಬ, ಅವನ ಹಿಂಗಾಲು ಅವಳ ಹೊಟ್ಟೆಗೆ ಒತ್ತಿತು, ಬೆರಳು ಅರಳಿದವು, ತಡಿ ನನ್ನಪ್ಪಾ, ಎಂಟು, ಇನ್ನೊಂದು ಸಾಲು ಐತಿ, ಒಂಬತ್ತು, ಮಂಗಳ ಇನ್ನೂ ಮುಗಿದಿಲ್ಲ ಕೇಳು, ಹತ್ತು, ಹನ್ನೊಂದು, ಹೊಸ್ತಿಲು, ಬಿಸಿಲು. ಹಿಂದೆ ಅತ್ತೆ ನೆಲಕ್ಕೆ ಮೊಣಕಾಲೂರಿ ಹೆಜ್ಜೆ ಹೆಜ್ಜೆಗೂ ಅಂಗೈ ಆಡಿಸಿ, ಮೂಸಿ ನೋಡುತ್ತಿದ್ದಾಳೆ, ಇಲ್ಲಿಲ್ಲ, ಇಲ್ಲೂ ಇಲ್ಲ, ಕಂಬದ ಬುಡಕೂ ಒಣಾನ ಐತಿ. ಮಂಗಳ ಮುಗಿಸಿದ ಅಯ್ಯನವರ ದನಿ, ಹುಡುಕಬ್ಯಾಡ್ರಿ ಕಾಶಿಬಾಯಿ, ತೀರ್ಥ ತಗೋರಿ, ಆಕಿ ಪಾಲಿಂದು ಮುಚ್ಚಿಡ್ರಿ. ಹಿತ್ತಿಲ ಬಾಗಿಲಿಗೆ ಅಡ್ಡವಾಗಿ ಕಾಸಿಮಸಾಬನ ಬಂಡಿ ಬಂದು ನಿಂತಿದೆ, ಬೇವಿನವರೆಗೆ ಹೋಗಲು ದಾರಿಯಿಲ್ಲ, ಅವಳ ತೋಳು ಸೋತಿತು, ಇಳಿಸಿದಳು, ಕಂಬಳಿ ಜಾರಿತು. ಸರದಾರ ಮೈ ಝಾಡಿಸಿದ, ಮೂಗು ಎತ್ತಿದ, ಬಂಡಿಯ ಗಾಲಿಯನ್ನು ಒಂದು ಸುತ್ತು ಮೂಸಿದ. ಏ ಯವ್ವಾ, ಗಾಲಿ, ನನ್ನ ಗಾಲಿ, ಎಂದು ಕಾಸಿಮಸಾಬ ಮೇಲಿನಿಂದ ಕೂಗುತ್ತಲೇ ಇದ್ದ, ಅವಳಿಗೆ ಕೇಳಿಸಲಿಲ್ಲ, ಅವಳಿಗೆ ಕಂಡದ್ದು ಮೂರು ಕಾಲ ಮೇಲೆ ನಡುಗುತ್ತ ನಿಂತ ಮುದಿ ಮೈ, ಗಾಲಿಯ ಪಟ್ಟಿಗೆ ತಾಗಿ ಹೊಳೆಯುವ ಧಾರೆ, ಮತ್ತೆ ಆ ಎತ್ತಿದ ಹಿಂಗಾಲು, ಇನ್ನೂ ಇಳಿಯದ ಹಿಂಗಾಲು.