ಮುಕ್ಕಾಲು ಸುತ್ತು

ಅಣ್ಣ ಮಾತು ಬಿಟ್ಟು ನಾಲ್ಕು ತಿಂಗಳಾಗಿತ್ತು. ಬಾರದೆ ಬಿಟ್ಟದ್ದಲ್ಲ, ಹಟಕ್ಕೆ ಬಿಟ್ಟದ್ದು. ಪಾರ್ಶ್ವವಾಯು ಬಡಿದು ಬಲಗೈ ಸೋತಿತ್ತು, ನಾಲಿಗೆ ಅಲ್ಲಲ್ಲಿ ಎಡವುತ್ತಿತ್ತು. ನೋಡಲು ಬಂದ ಯಾರೋ ಅವನ ಮಾತು ಕೇಳಿ ಕಣ್ಣೊರೆಸಿಕೊಂಡರು. ಅಂದಿನಿಂದ ಸ್ಲೇಟು ಹಿಡಿದ. ಊಟ ಬೇಕಾದರೂ ಸ್ಲೇಟು, ಬೇಡವಾದರೂ ಸ್ಲೇಟು. ಅದರ ಮೇಲೆ ಎಡಗೈಯ ಕಾಗೆ ಕಾಲು ಗುಬ್ಬಿ ಕಾಲು ಬರಹ ಓದಿ ಓದಿ ನನ್ನ ಕಣ್ಣು ಸೋತಿತ್ತು.

ಅಣ್ಣ ಹಳೇ ಕಾರುಗಳ ಕಾರ್ಬುರೇಟರ್ ಮೆಕ್ಯಾನಿಕ್; ಎಂಜಿನ್ನಿಗೆ ಪೆಟ್ರೋಲು, ಗಾಳಿ ಬೆರೆಸಿ ಕೊಡುವ ಭಾಗ ಅದು. ಅವನ ತಂಗಿ ನಾನು, ದರ್ಜಿ. ಅವನ ಗ್ಯಾರೇಜಿಗೆ ಅಂಟಿಕೊಂಡ ಕೋಣೆಯಲ್ಲೇ ನನ್ನ ಹೊಲಿಗೆ ಮಿಷನ್. ಆ ಸೋಮವಾರ ಅವನು ಸ್ಲೇಟಿನಲ್ಲಿ ಬರೆದು ತೋರಿಸಿದ: "ಹಲ್ಲಿನ ಡಾಕ್ಟರ ಕಾರು ವಾಪಸ್ ಕಳಿಸು. ಗ್ಯಾರೇಜು ಮುಚ್ಚೋಣ."

ನನಗೆ ಪಿತ್ತ ನೆತ್ತಿಗೇರಿತು.

"ಮುಚ್ಚೋದು ಆಮೇಲೆ. ಇದೊಂದು ಕಾರಿಗೆ ನಿನ್ನ ತಲೆ, ನನ್ನ ಕೈ. ಓಡ್ಲಿಲ್ಲ ಅಂದ್ರೆ ನಾನೇ ಬೀಗ ಹಾಕ್ತೀನಿ."

ಅವನೆದುರೇ ಡಾಕ್ಟರಮ್ಮನಿಗೆ ಫೋನು ಮಾಡಿ, ಶನಿವಾರ ನಾಲ್ಕಕ್ಕೆ ಬನ್ನಿ ಎಂದುಬಿಟ್ಟೆ. ಗ್ಯಾರೇಜು ಹೋದರೆ ಅಣ್ಣನೂ ಕೈಗೆ ಸಿಗುವುದಿಲ್ಲ ಎಂದು ನನಗೆ ಗೊತ್ತಿತ್ತು.

ಅವನು ಸ್ಟೂಲಿನ ಮೇಲೆ ಕೂತು ಕಣ್ಣಲ್ಲೇ ತೋರಿಸಿದ, ನಾನು ಕಾರ್ಬುರೇಟರ್ ಬಿಚ್ಚಿದೆ. ಒಳಗೆಲ್ಲ ಹಳೇ ಪೆಟ್ರೋಲು ಅಂಟಾಗಿ ಒಣಗಿ ಕೂತಿತ್ತು. ಪೆಟ್ರೋಲು ಚಿಮ್ಮುವ ಜೆಟ್ಟಿನ ಸಣ್ಣ ತೂತಿಗೆ ಸೂಜಿ ಚುಚ್ಚಲು ಹೋದೆ, ದರ್ಜಿಯ ಅಭ್ಯಾಸ. ಅಣ್ಣ ಸ್ಲೇಟನ್ನು ಬೆಂಚಿಗೆ ಕುಟ್ಟಿದ: "ತೂತು ದೊಡ್ಡದಾಗುತ್ತೆ. ಗಾಳಿ ಊದು." ಊದಿದೆ. ಪೆಟ್ರೋಲಿನ ಮಟ್ಟ ಕಾಯುವ ಹಿತ್ತಾಳೆಯ ಫ್ಲೋಟನ್ನು ಅವನು ಕಿವಿಯ ಹತ್ತಿರ ಅಲ್ಲಾಡಿಸಿದ, ಒಳಗೆ ಗುಳುಗುಳು. ಎಲ್ಲೋ ಸೋರುತ್ತಿದೆ. ಬಿಸಿನೀರಿನಲ್ಲಿ ಅದ್ದಿದಾಗ ಒಂದೇ ಒಂದು ಗುಳ್ಳೆ ಎದ್ದಿತು. ಅಷ್ಟು ಸಣ್ಣ ಗುಳ್ಳೆಗೆ ನಾವಿಬ್ಬರೂ ಹಿಗ್ಗಿದ್ದೇ ಹಿಗ್ಗಿದ್ದು! ಒಳಗಿನ ಪೆಟ್ರೋಲು ತೆಗೆದು, ಚೆನ್ನಾಗಿ ಒಣಗಿಸಿ, ಬೆಸುಗೆ ಹಾಕಿದೆ. ಸಂದು ಸೋರದಂತೆ ನಡುವೆ ಇಡುವ ಗ್ಯಾಸ್ಕೆಟ್ ಕಾಗದ ಕತ್ತರಿಸುವಾಗ ಮಾತ್ರ ಅವನು ತೆಪ್ಪಗಿದ್ದ. ಕತ್ತರಿ ನನ್ನದು, ಅಲ್ಲಿ ಅವನ ಆಟ ನಡೆಯುವುದಿಲ್ಲ.

ಶನಿವಾರ ಮೂರು ಗಂಟೆಗೆ ಎಲ್ಲ ಜೋಡಿಸಿಯಾಗಿತ್ತು. ಉಳಿದದ್ದು ಒಂದು ಪುಟ್ಟ ಸ್ಕ್ರೂ. ಎಂಜಿನ್ನು ನಿಂತಲ್ಲೇ ಓಡುವಾಗ ಪೆಟ್ರೋಲು ಎಷ್ಟು ಹೋಗಬೇಕೆಂದು ನಿರ್ಧರಿಸುವುದು ಅದೇ. ಪೂರ್ತಿ ಒಳಗೆ ತಿರುಗಿಸಿ, ಆಮೇಲೆ ಇಂತಿಷ್ಟು ಸುತ್ತು ಬಿಚ್ಚಬೇಕು. ಎಷ್ಟು ಎನ್ನುವುದು ಅಣ್ಣನ ತಲೆಯಲ್ಲಿತ್ತು. ಅವನು ಬಳಪಕ್ಕೆ ಕೈ ಹಾಕಿದ. ನಾನು ಅದನ್ನು ಕಿತ್ತು ಜೇಬಿಗೆ ಇಳಿಸಿದೆ.

"ಬಾಯಲ್ಲಿ ಹೇಳು."

ಅವನು ಗುರಾಯಿಸಿದ. ನಾನೂ ಗುರಾಯಿಸಿದೆ. ಕೊನೆಗೆ ಗೋಡೆಯ ಕಡೆ ತಿರುಗಿ, "ಮೂ... ಕಾಲು" ಎಂದ.

ನಾಲ್ಕು ತಿಂಗಳ ಮೇಲೆ ಕೇಳಿದ ದನಿ! ಇನ್ನೊಂದು ಸಲ ಹೇಳು ಎನ್ನಲು ಮನಸ್ಸು ಬರಲಿಲ್ಲ. ಎಣಿಸಿ ಮೂರೂಕಾಲು ಸುತ್ತು ಬಿಚ್ಚಿ ಕೀ ತಿರುಗಿಸಿದೆ.

ಕಾರು ಕೆಮ್ಮಿತು, ಗಡಗಡ ನಡುಗಿತು, ಹಿಂದಿನಿಂದ ಕಪ್ಪು ಹೊಗೆ ಕಾರಿತು. ಆ ಹೊಗೆ ನೆಟ್ಟಗೆ ನುಗ್ಗಿದ್ದು ನನ್ನ ಕೋಣೆಗೆ. ಅಲ್ಲಿ ಅದೇ ಡಾಕ್ಟರಮ್ಮನಿಗೆಂದು ಹೊಲಿದ ಆರು ಬಿಳಿ ಕೋಟುಗಳು ತೂಗುತ್ತಿದ್ದವು.

"ಮುಕ್ಕಾಲು! ಮುಕ್ಕಾಲು ಕಣೇ ಕತ್ತೆ! ಮೂರೂಕಾಲಲ್ಲ!" ಅಣ್ಣ ಸ್ಟೂಲಿನಿಂದ ಎದ್ದೇ ನಿಂತಿದ್ದ. "ಒಂದು ಸುತ್ತೂ ಬೇಡ ಅದಕ್ಕೆ! ಆಫ್ ಮಾಡು ಮೊದ್ಲು, ಪ್ಲಗ್ಗೆಲ್ಲ ಮಸಿಯಾಗುತ್ತೆ!"

ಆಫ್ ಮಾಡಿದೆ. ಅಣ್ಣ ಬಾಯಿಬಿಟ್ಟು ಬೈದಿದ್ದ ಎಂಬುದು ಆಗ ಇಬ್ಬರಿಗೂ ಹೊಳೆಯಿತು. ಮೊದಲು ನಕ್ಕದ್ದು ಅವನೇ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ, ನಡುವೆ ಒಂದಿಷ್ಟು ಅತ್ತೆ. ಕತ್ತೆ ಎನ್ನಿಸಿಕೊಂಡು ಅಷ್ಟು ಸಂತೋಷಪಟ್ಟವಳು ಇನ್ನೊಬ್ಬಳು ಇರಲಾರಳು.

ಪ್ಲಗ್ಗು ತೊಳೆದು, ಮುಕ್ಕಾಲು ಸುತ್ತಿಗೆ ಇಟ್ಟೆ. ಅಣ್ಣ ಕಣ್ಣು ಮುಚ್ಚಿ ಕೇಳಿಸಿಕೊಂಡ. "ಕೂದಲೆಳೆಯಷ್ಟು ಒಳಗೆ... ಇನ್ನೊಂಚೂರು... ಸಾಕು." ಎಂಜಿನ್ನಿನ ಸದ್ದು ನುಣ್ಣಗಾಯಿತು. ಬಾನೆಟ್ಟಿನ ಅಂಚಿಗೆ ಇಟ್ಟಿದ್ದ ಸ್ಕ್ರೂಡ್ರೈವರು ಕೂಡ ಗಿಲಿಗಿಲಿ ಅನ್ನಲಿಲ್ಲ.

ಡಾಕ್ಟರಮ್ಮ ಬಂದವರೇ ಕೋಟು ನೋಡಿದರು. "ಇದೇನ್ರೀ, ಬಿಳಿ ಬಟ್ಟೆ ಕೊಟ್ಟಿದ್ದೆನಲ್ಲ?"

"ಒಗೆದು ಕೊಡ್ತೀನಿ ಡಾಕ್ಟ್ರೇ, ನೀವು ಕಾರು ಕೇಳಿ."

ಕೇಳಿದರು. ಕೋಟು ಮರೆತೇಹೋಯಿತು. ಆಮೇಲೆ ಅಣ್ಣನ ಕಡೆ ತಿರುಗಿ, "ಇದನ್ನ ಇನ್ನು ಎಲ್ಲಿ ತೋರಿಸ್ಲಿ? ಗ್ಯಾರೇಜು ಮುಚ್ತೀರಂತೆ?" ಎಂದರು.

ಉತ್ತರ ನನ್ನ ನಾಲಿಗೆ ತುದಿಯಲ್ಲಿತ್ತು. ಹಲ್ಲು ಕಚ್ಚಿ ಸುಮ್ಮನಿದ್ದೆ.

"ಮು..." ಎಂದ ಅಣ್ಣ. "ಮು... ಮು..."

ಮುಚ್ತೀವಿ ಅಂದುಬಿಡುತ್ತಾನೇನೋ ಎಂದುಕೊಂಡೆ. ಡಾಕ್ಟರಮ್ಮ ದಿನವೂ ಜನರ ಬಾಯಿ ಬಿಡಿಸುವವರು; ಆತುರಪಡದೆ ಕಾದರು.

"ಮುಂದಿನ ತಿಂಗ್ಳು ತನ್ನಿ," ಎಂದ ಅಣ್ಣ. "ನಾನೇ ನೋಡ್ತೀನಿ."