ಬೇರೆ ಪ್ಲಗ್ ಕೂರದ ಎಂಜಿನ್

ಮುತ್ತ ಮೊದಲ ಏಟು ಹಾಕಿದ್ದು ಅಂಗಡಿಯ ಗಾಜಿಗೆ, ಎರಡನೆಯದು ಅಂಗಡಿ ನೋಡಿಕೊಳ್ಳುವ ದರ್ಶನನ ಮೂಗಿಗೆ. ರಕ್ತ ಬಳಬಳ ಸುರಿಯಿತು. ಸುರಿಯಲಿ ಬಿಡಿ! ಮುತ್ತನ ತಮ್ಮ ಕುಷ್ಟನ ಹೆಣ ಸುಟ್ಟು ಇನ್ನೂ ನಾಲ್ಕು ದಿನ ಆಗಿರಲಿಲ್ಲ.

ಹೆಮ್ಮಾಡಿಯ ಹೈವೇ ಬದಿಗೆ ಎಂಜಿನ್ ಕಂಪನಿಯವರು ಅಂಗಡಿ ತೆರೆದದ್ದು ಎರಡು ಸಾವಿರದ ಆರರಲ್ಲಿ. ದೋಣಿಯ ಎಂಜಿನ್ ಬೇರೆಯವರ ಅರ್ಧ ರೇಟಿಗೆ! ಊರಿಗೆ ಊರೇ ಮುಗಿಬಿತ್ತು, ಮುತ್ತನೇ ಎಲ್ಲರಿಗಿಂತ ಮೊದಲು. ಆ ಎಂಜಿನ್ನಿಗೆ ಕಂಪನಿಯದು ಬಿಟ್ಟು ಬೇರೆ ಯಾವ ಸ್ಪಾರ್ಕ್ ಪ್ಲಗ್ಗೂ ಕೂರುವುದಿಲ್ಲ ಅಂತ ಗೊತ್ತಾದದ್ದು ಆಮೇಲೆ. ಹೊರಗೆ ಮಾಮೂಲಿ ಪ್ಲಗ್ ಅರವತ್ತು ರೂಪಾಯಿಗೆ ಸಿಕ್ಕರೆ ಇದಕ್ಕೆ ದರ್ಶನ ಒಂಬೈನೂರು ಕೇಳುತ್ತಿದ್ದ, ತಿಂಗಳಿಗೊಂದು ಬೇಕೇ ಬೇಕು. ಎಂಜಿನ್ನಿನಲ್ಲಿ ಬಿಟ್ಟುಕೊಟ್ಟದ್ದನ್ನು ಕಂಪನಿ ಪ್ಲಗ್ಗಿನಲ್ಲಿ ಬಡ್ಡಿ ಸಮೇತ ಕೀಳುತ್ತಿತ್ತು, ಮತ್ತೆಂತ!

ಅಷ್ಟು ದುಡ್ಡು ಕೊಟ್ಟು ಎರಡೆರಡು ಯಾರು ಇಟ್ಟುಕೊಳ್ಳುತ್ತಾರೆ? ಕಡಲಲ್ಲಿ ಯಾರ ಎಂಜಿನ್ ನಿಂತರೂ ಹತ್ತಿರದ ದೋಣಿಯವ ತನ್ನ ಹತ್ತಿರ ಹೆಚ್ಚಿಗಿದ್ದ ಪ್ಲಗ್ ಎಸೆಯುವುದು ಅಲ್ಲಿಯ ಕ್ರಮ. ಮುತ್ತ ಅದನ್ನೇ ನಂಬಿದ. ಕುಷ್ಟನ ಜೊತೆ ಮೀನಿಗೆ ಹೋಗಿ, ಹೊಳೆ ಕಡಲು ಸೇರುವ ಅಳಿವೆಯ ಬಾಯಲ್ಲಿ ಎಂಜಿನ್ ನಿಂತಾಗ ಪಕ್ಕದ ದೋಣಿಯ ಮಂಜ "ಹ್ವಾಯ್, ಹಿಡಿ!" ಅಂತ ಎಸೆದ. ಮಂಜನದು ಕಂಪನಿ ಬರುವ ಮೊದಲಿನ ಹಳೇ ಎಂಜಿನ್. ಮುತ್ತ ತಿರುಗಿಸಿದ, ಮತ್ತೆ ತಿರುಗಿಸಿದ. ಪ್ಲಗ್ ಕೂರಲಿಲ್ಲ. ಅಷ್ಟರಲ್ಲಿ ತೆರೆ ಬಂದು ದೋಣಿ ಮಗುಚಿತು, ಅದರ ಅಂಚು ಬಡಿದು ಕುಷ್ಟನ ತಲೆ ಒಡೆಯಿತು.

"ಇನ್ನೊಂದ್ ಮನಿಯೊಳ್ಗೆ ಹೆಣ ಬೀಳೂಕಾಗ, ಬೀಳ್ಬಾರ್ದ್!" ಮುತ್ತ ಅರಚುತ್ತಾ ಸಾಲಾಗಿ ನಿಲ್ಲಿಸಿದ್ದ ಎಂಜಿನ್‌ಗಳನ್ನು ಕಬ್ಬಿಣದ ರಾಡಿನಿಂದ ಜಜ್ಜಿದ. ಪ್ಲಗ್ಗಿನ ಡಬ್ಬ ಹೊತ್ತು ಎದುರು ಹರಿಯುವ ತೋಡಿಗೆ ಸುರಿಯಲು ಹೊರಟ.

ಹಿಂದಿನಿಂದ ಮೊಣಕೈಗೆ ದೊಣ್ಣೆಯ ಏಟು ಬಿತ್ತು. ಮೂಳೆ ಲಟಕ್ಕೆಂದಿತು. ತಿರುಗಿದರೆ ಸೋದರಮಾವ ಚಂದಯ್ಯ, ಕುಷ್ಟನ ಹೆಣಕ್ಕೆ ಹೆಗಲು ಕೊಟ್ಟವ.

"ಮಾವಾ, ನೀನಾ?"

"ಊರೊಳ್ಗ್ ನಲ್ವತ್ ದೋಣಿಗ್ ಇಪ್ಪುದ್ ಇದೇ ಎಂಜಿನ್. ಅಂಗ್ಡಿ ಮುಚ್ರೆ ಪ್ಲಗ್ ಯಾರ್ ಕೊಡ್ತ್ರ್? ನಾವ್ ಉಂಬುದ್ ಎಂತ ಹೇಳ್!"

ಪ್ಲಗ್ಗಿಗೆಂದು ಬಂದಿದ್ದ ಉಳಿದ ದೋಣಿಯವರೂ ಮೈಮೇಲೆ ಬಿದ್ದರು. ಎಲ್ಲ ಪರಿಚಯದ ಮುಖಗಳೇ. ಮುತ್ತನ ಬಾಯಿಂದ ರಕ್ತ ಬರುವವರೆಗೆ ಒದ್ದರು. ಚಂದಯ್ಯ ಅಳುತ್ತಲೇ ಹೊಡೆದ.

ಸುಸ್ತಾದ ಮೇಲೆ ದೊಣ್ಣೆ ಬಿಟ್ಟು, ಕಣ್ಣೊರೆಸಿಕೊಂಡು ದರ್ಶನನ ಮುಂದೆ ನಿಂತ.

"ನಂಗೆ ಎರಡ್ ಪ್ಲಗ್ ಕೊಡಿ," ಅಂದ. "ಒಂದ್ ಹೆಚ್ಚಿಗಿರ್ಲಿ."